ಹೊಸಪೇಟೆ ಟು ಹಿಮಸಾಗರ, ವಯಾ ಊರವರ ಸಲಹೆ

ನಮ್ಮೂರಲ್ಲಿ ಗಂಗಾವತಿಗೆ ಹೊರಟವನನ್ನೂ ನಾಲ್ಕು ಜನ ತಡೆದು ನಿಲ್ಲಿಸಿ, ಯಾಕೆ, ಏನು, ಯಾರ ಮನೆಗೆ ಅಂತ ವಿಚಾರಿಸಿಯೇ ಬಿಡುತ್ತಾರೆ. ಹಾಗಿರುವಾಗ ಜೀಪು ಹತ್ತಿ ಆರ್ಕ್ಟಿಕ್ ಸಮುದ್ರದ ದಂಡೆಗೆ ಹೊರಟವನಿಗೆ ಏನೇನಾಗಬೇಡ! ಆದದ್ದರಲ್ಲಿ ಮರ್ಯಾದೆ ಬಿಟ್ಟು ಹೇಳಬಹುದಾದಷ್ಟನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ಸಂಡೂರಿನ ಒಂದು ಅದಿರು ಗಣಿಯ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ನನ್ನ ಕೈಯಲ್ಲಿ ರಿಪೇರಿಯಾದ ಡಂಪರುಗಳೆಲ್ಲ ಗುಂಡಿಗಿಳಿದವು, ಮೇಲೆ ಬಂದವು, ಮತ್ತೆ ಅದೇ ಗುಂಡಿಗಿಳಿದವು. ಒಂದಾದರೂ ಬೇರೆ ಊರು ಕಾಣಲಿಲ್ಲ. ನಾನೂ ಕಾಣಲಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ ಫೋನಿನಲ್ಲಿ ವಿಡಿಯೋ ನೋಡಿದೆ. ರಷ್ಯಾದ ಉತ್ತರದ ತುದಿಯಲ್ಲಿ ಒಂದು ರಸ್ತೆ ಹೋಗಿ ಹೋಗಿ, ಸಮುದ್ರದ ಮುಂದೆ ಸುಮ್ಮನೆ ಮುಗಿದುಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು ಅನ್ನುವ ಆಸೆ ನನಗೆ ಎಷ್ಟು ಬಲವಾಗಿ ಹತ್ತಿತೆಂದರೆ, ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ. ಅದರ ಮೇಲೆ ಕಣ್ಣಿನ ಡಾಕ್ಟರು ಬೇರೆ, "ಈ ವರ್ಷ ದೂರ ಗಾಡಿ ಹೊಡೀರಿ, ಅಡ್ಡಿಯಿಲ್ಲ. ಮುಂದಿಂದು ನಾ ಹೇಳಾಂಗಿಲ್ಲ" ಅಂದುಬಿಟ್ಟರು. ಅಂದರೆ ಈ ವರ್ಷ ಹೋಗದಿದ್ದರೆ ಇನ್ನು ಇಲ್ಲ.

ಯಾರ ಮನಿಗೆ?

ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ನನ್ನ ಹಳೇ ಸಹಪಾಠಿ ಜೊತೆಗೆ ಬರಲು ಒಪ್ಪಿದ. ಅವನಿಗೆ ಆರ್ಕ್ಟಿಕ್ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಆದರೆ ಮಿಲ್ಲಿನ ಧೂಳಿನಿಂದ ದೂರ ಇದೆ ಅಂತ ಗೊತ್ತಿತ್ತು. ಇನ್ನುಳಿದದ್ದು ನನ್ನ ಹೆಂಡತಿಗೆ ಹೇಳುವುದು.

ನಕಾಶೆ ಹರಡಿ, ನೇಪಾಳದ ಮೇಲೆ ಚೀನಾ, ಅಲ್ಲಿಂದ ಕಝಾಕಿಸ್ತಾನ, ಅಲ್ಲಿಂದ ರಷ್ಯಾ ಅಂತ ಬೆರಳಿಟ್ಟು ತೋರಿಸಿದೆ. ಆಕೆ ಶೇಂಗಾ ಸುಲಿಯುತ್ತ ಕೇಳಿಸಿಕೊಂಡಳು.

"ಅಲ್ಲಿ ನಮ್ಮೋರು ಯಾರದಾರ?"

"ಯಾರೂ ಇಲ್ಲ."

"ಮದುವಿ ಐತೇನು?"

"ಇಲ್ಲ."

"ಯಾರರ ತೀರ್ಕೊಂಡಾರೇನು?"

"ಇಲ್ಲ ಮಾರಾಯ್ತಿ, ಸುಮ್ನ ನೋಡಾಕ ಹೊಂಟೀವಿ."

ಆಕೆ ಸುಲಿಯುವುದನ್ನು ನಿಲ್ಲಿಸಿದಳು. "ನೋಡಾಕಾ? ನಾ ಮದುವ್ಯಾಗಿ ಈ ಮನಿಗೆ ಬಂದಾಗಿಂದ ಹಂಪಿ ನೋಡಾಕ ಕರ್ಕೊಂಡು ಹೋಗ್ರಿ ಅಂತ ಹೇಳಾಕತ್ತೀನಿ. ಅದು ದಾರಿ ಮ್ಯಾಗ ಬರ್ತೈತೇನು ನೋಡ್ರಿ."

ಅಲ್ಲಿಯವನು

ದಾರಿ ಮೇಲೆ ಬರುವುದಿಲ್ಲವಾದರೂ ಮರುದಿನವೇ ಹಂಪಿಗೆ ಹೋದೆವು. ಮಿಲ್ಲಿನವನೂ ಬಂದ. ಬಂಡೆಗಳ ನೆರಳಿನಲ್ಲಿ ಒಂದು ಚಹಾದಂಗಡಿ. ಅಲ್ಲಿ ಲುಂಗಿ ಉಟ್ಟ ಬಿಳಿಯನೊಬ್ಬ ಮೈಯೆಲ್ಲ ಕೆಂಪಾಗಿಸಿಕೊಂಡು ಬಿಸಿಲಿಗೆ ಮುಖವೊಡ್ಡಿ ಇಡ್ಲಿ ತಿನ್ನುತ್ತಿದ್ದ. ಮಾತಿಗೆ ಎಳೆದರೆ, ಅವನು ರಷ್ಯಾದವನು, ಅದರಲ್ಲೂ ನಾವು ಹೊರಟ ಆ ಉತ್ತರದ ತುದಿಯವನು! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ವರ್ಕ್‌ಶಾಪ್ ಇಂಗ್ಲಿಷಿನಲ್ಲಿ, ನಾವು ಜೀಪಿನಲ್ಲಿ ನಿಮ್ಮೂರಿಗೆ ಬರುತ್ತಿದ್ದೇವೆ ಅಂದೆ.

ಅವನು ಇಡ್ಲಿಯನ್ನು ತಟ್ಟೆಗಿಟ್ಟ. "ಯಾಕೆ?"

"ನೋಡಲಿಕ್ಕೆ."

"ಏನನ್ನ?"

ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅವನ ಮುಖ ನೋಡಿಯೇ ಅವಳಿಗೆ ಎಲ್ಲ ಅರ್ಥವಾಗಿ, ನನ್ನ ಕಡೆ ತಿರುಗಿ ಹುಬ್ಬೇರಿಸಿದಳು. ಅವನು ಹೇಳಿದ್ದು ಇಷ್ಟು: ಅವನು ವರ್ಷವಿಡೀ ಅಲ್ಲಿ ದುಡಿಯುವುದೇ ಅಲ್ಲಿಂದ ತಪ್ಪಿಸಿಕೊಂಡು ಈ ಬಂಡೆಗಳ ನಡುವೆ ಬಂದು ಕೂರುವುದಕ್ಕೆ. ನಾವು ಈ ಬಂಡೆ ಬಿಟ್ಟು ಅಲ್ಲಿಗೆ ಹೊರಟಿದ್ದು ಅವನಿಗೆ ನಂಬಲಿಕ್ಕೇ ಆಗಲಿಲ್ಲ. ಕೂಗಿ ತನ್ನ ಹೆಂಡತಿಯನ್ನು ಕರೆದ. ನಮ್ಮನ್ನು ತೋರಿಸಿ ಅವರ ಭಾಷೆಯಲ್ಲಿ ಏನೋ ಹೇಳಿದ. ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

ಹಂಪಿಯಲ್ಲಿ ಫಾರಿನ್ನಿನವರನ್ನು ಕಾಡಿ ಬೇಡಿ ಫೋಟೋ ತೆಗೆಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಫಾರಿನ್ನಿನವರೇ ನಮ್ಮನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆದುಕೊಂಡದ್ದು ಅವತ್ತೇ ಮೊದಲು.

ಚಳಿಯ ಪರೀಕ್ಷೆ

ಆ ರಷ್ಯಾದವನು ಹೋಗುವಾಗ ಒಂದು ಒಳ್ಳೆಯ ಮಾತು ಹೇಳಿದ್ದ: ಜಾಕೆಟ್ಟು ಕೊಂಡರೆ ಸಾಲದು, ಹಾಕಿಕೊಂಡು ಚಳಿಯಲ್ಲಿ ನಿಂತು ನೋಡಿ. ಜಾಕೆಟ್ಟೇನೋ ಕೊರಿಯರಿನಲ್ಲಿ ಬಂತು. ಚಳಿ ಎಲ್ಲಿಂದ ತರುವುದು? ನಮ್ಮ ಕಡೆ ಜನವರಿಯಲ್ಲೂ ಫ್ಯಾನ್ ತಿರುಗುತ್ತದೆ.

ಮಿಲ್ಲಿನವನ ಬೀಗರೊಬ್ಬರು ಬಳ್ಳಾರಿ ಕಡೆ ಕೋಲ್ಡ್ ಸ್ಟೋರೇಜ್ ಮ್ಯಾನೇಜರು. ಫೋನ್ ಮಾಡಿದರೆ, "ಬರ್ರಿ, ಎಷ್ಟು ಚಳಿ ಬೇಕು ಅಷ್ಟು ತಗೊಳ್ರಿ" ಅಂದರು. ಹೋದೆವು. ಜಾಕೆಟ್ಟು, ಕೈಗವಸು, ಮಂಗನ ಟೋಪಿ ಎಲ್ಲ ಏರಿಸಿಕೊಂಡು ದೊಡ್ಡ ಬಾಗಿಲಿನೊಳಗೆ ಕಾಲಿಟ್ಟೆವು. ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿತು.

ನಮ್ಮ ಕಡೆ ಕೋಲ್ಡ್ ಸ್ಟೋರೇಜ್ ಅಂದರೆ ಒಳಗಿರುವುದು ಏನು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆರ್ಕ್ಟಿಕ್ ತಲೆಗೇರಿದವನಿಗೆ ಮೆಣಸಿನಕಾಯಿ ನೆನಪಾಗುವುದಿಲ್ಲ. ನೆಲದಿಂದ ಸೂರಿನ ತನಕ ಒಣಮೆಣಸಿನಕಾಯಿ ಚೀಲಗಳು. ಮಿಲ್ಲಿನವನು ಮೊದಲು ಸೀನಿದ. ನಾನು ಅವನಿಗೆ ಹುಷಾರು ಅನ್ನಲು ಬಾಯಿ ತೆರೆದೆ, ಆಮೇಲೆ ಮುಚ್ಚಲು ಆಗಲೇ ಇಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಜಾಕೆಟ್ಟಿನೊಳಗೆ ಬೆವರು. ಬಾಗಿಲು ಬಡಿದು ಹೊರಗೆ ಬಿದ್ದೆವು.

ಮ್ಯಾನೇಜರು ಕುರ್ಚಿ ಹಾಕಿಸಿ ವಿನಯದಿಂದ ಕೇಳಿದರು, "ಚಳಿ ಸಾಕಾತೇನ್ರಿ? ಇನ್ನ ಸ್ವಲ್ಪ ಹೆಚ್ಚ ಮಾಡಿಸ್ಲೇನು?"

ಆ ಜಾಕೆಟ್ಟು ಮೂರು ಸಲ ಒಗೆದರೂ ಘಾಟು ಹೋಗಲಿಲ್ಲ. ಒಣಗಲು ಹಾಕಿದ ದಿನ ಓಣಿಯೆಲ್ಲ ಸೀನಿತು. ಅದು ಹಿಮದ ಚಳಿ ತಡೆಯುತ್ತದೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ, ಹಿಮಕರಡಿಯ ಭಯ ಮಾತ್ರ ಪೂರ್ತಿ ಹೋಯಿತು.

ಸೋಮವಾರ

ಹಿಮ ಕರಗಿ ರಸ್ತೆ ತೆರೆಯುವುದು ಬೇಸಿಗೆಯಲ್ಲಿ, ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಗಲೂ ರಾತ್ರಿ ಬೆಳಕು ಅಂತ ನಾನು ಮಿಲ್ಲಿನವನ ಮನೆಯಲ್ಲಿ ಕೂತು ಉತ್ಸಾಹದಿಂದ ಹೇಳುತ್ತಿದ್ದೆ. ಅವನ ಹೆಂಡತಿ ಮಜ್ಜಿಗೆ ತಂದವರು ಅಲ್ಲೇ ನಿಂತರು.

"ಹಂಗಾರ ಸೋಮವಾರ ಇವ್ರು ಊಟ ಯಾವಾಗ ಮಾಡ್ಬೇಕ್ರಿ?"

ನಮ್ಮವನದು ತಂದೆಯ ಕಾಲದಿಂದ ಬಂದ ಸೋಮವಾರದ ಒಪ್ಪತ್ತು. ಸೂರ್ಯ ಮುಳುಗಬೇಕು, ದೀಪ ಹಚ್ಚಬೇಕು, ಪೂಜೆಯಾಗಬೇಕು, ಆಮೇಲೆ ತುತ್ತು. ಸೂರ್ಯನೇ ಮುಳುಗದ ಊರಿನಲ್ಲಿ ಒಪ್ಪತ್ತು ಹಿಡಿದರೆ ಬಿಡುವುದು ಆಗಸ್ಟಿನಲ್ಲಿ. ಮಿಲ್ಲಿನವನು ಮಜ್ಜಿಗೆಯ ಲೋಟ ಕೆಳಗಿಟ್ಟು, "ಲೇ, ನಾ ಬರಾಂಗಿಲ್ಲ" ಅಂದ.

ಒಬ್ಬನೇ ಹೋಗುವ ಧೈರ್ಯ ನನಗಿರಲಿಲ್ಲ. ಅವನನ್ನು ಎಳೆದುಕೊಂಡು ಅವರ ಮಠದ ಸ್ವಾಮಿಗಳಾದ ಅಜ್ಜಾರ ಹತ್ತಿರ ಹೋದೆ. ಅಜ್ಜಾರು ಎಲ್ಲ ಕೇಳಿ, "ಹಂಗಾರ ಚಳಿಗಾಲದಾಗ ಹೋಗ್ರಿ" ಅಂದರು.

"ಚಳಿಗಾಲದಾಗ ಅಲ್ಲಿ ಸೂರ್ಯ ಹುಟ್ಟಾದೇ ಇಲ್ಲ ಬುದ್ಧಿ."

ಮಿಲ್ಲಿನವನ ಮುಖ ಅರಳಿತು. "ಅಂದ್ರ ಸೋಮವಾರ ಮುಂಜಾನಿಂದಾನ ಊಟ ಮಾಡಬಹುದಲ್ಲಲೇ! ಚಳಿಗಾಲಕ್ಕ ಹೋಗೂಣು!"

ಆಗ ರಸ್ತೆಯೇ ಕಾಣುವುದಿಲ್ಲ ಅಂತ ನಾನು ಗೋಗರೆದೆ. ಕಂಪ್ಲಿಯಲ್ಲಿ ಸೂರ್ಯ ಮುಳುಗಿದ ಕೂಡಲೇ ಅವನ ಹೆಂಡತಿ ಮಿಸ್ ಕಾಲ್ ಕೊಡಲಿ, ಅದನ್ನೇ ಸೂರ್ಯಾಸ್ತ ಅಂತ ಇಟ್ಟುಕೊಳ್ಳೋಣ ಅಂತಲೂ ಸೂಚಿಸಿದೆ. ಅಲ್ಲಿ ಸಿಗ್ನಲ್ ಸಿಗದಿದ್ದರೆ ಉಪವಾಸ ಸಾಯಬೇಕೇನು ಅಂತ ಅವನು ರೇಗಿದ. ನಾವಿಬ್ಬರೂ ಅವರ ಮುಂದೆಯೇ ಜಗಳಕ್ಕೆ ಬಿದ್ದೆವು. ಅಜ್ಜಾರು ಕಣ್ಣುಮುಚ್ಚಿ ಕೂತಿದ್ದರು. ಶಾಸ್ತ್ರದ ಆಳಕ್ಕೆ ಇಳಿದಿದ್ದಾರೆ ಅಂದುಕೊಂಡು ಇಬ್ಬರೂ ಸುಮ್ಮನಾದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು.

"ಅಲ್ಲಿಗೆ ಮಂಗಳವಾರ ಮುಟ್ರಿ. ಆದಿತ್ಯವಾರದೊಳಗ ವಾಪಸ್ ಹೊಂಡ್ರಿ. ಏಳ್ರಿ ಇನ್ನ, ಪ್ರಸಾದಕ್ಕ ಹೊತ್ತಾತು."

ಬೀಳ್ಕೊಡುಗೆ

ಪಕ್ಕದ ಮನೆಯವರದು ಬಟ್ಟೆ ಅಂಗಡಿ. ಬಡಾವಣೆಯಲ್ಲಿ ಯಾರಿಗೆ ಸನ್ಮಾನವಾದರೂ ಮುಂದೆ ನಿಲ್ಲುವವರು ಅವರೇ, ಶಾಲು ಅವರ ಅಂಗಡಿಯದೇ. ನಮ್ಮ ಸುದ್ದಿ ಕೇಳಿದ್ದೇ, "ನಿಮ್ಮನ್ನ ಸುಮ್ನ ಕಳ್ಸಾಕಾಗ್ತೈತೇನ್ರಿ? ಈ ಭಾನುವಾರ ಕಾರ್ಯಕ್ರಮ" ಅಂದರು.

ಚೀನಾದ ಪರ್ಮಿಟ್ಟು ಇನ್ನೂ ಬಂದಿಲ್ಲ, ಸ್ವಲ್ಪ ತಡೆಯಿರಿ ಅಂದೆ.

"ನೀವು ಯಾವಾಗರ ಹೊಂಡ್ರಿ, ನಮಗೇನು ಅಡ್ಡಿಯಿಲ್ಲ. ಮುಖ್ಯ ಅತಿಥಿಗಳಿಗೆ ಈ ಭಾನುವಾರ ಬಿಟ್ರ ಬಿಡುವಿಲ್ಲ."

ಹೀಗೆ ನಮ್ಮ ಬೀಳ್ಕೊಡುಗೆ ನಮಗಾಗಿ ಕಾಯದೆ ನಡೆದುಹೋಯಿತು. ಫ್ಲೆಕ್ಸಿನಲ್ಲಿ ನಾನು ಮಂಗನ ಟೋಪಿಯಲ್ಲಿ, ಮಿಲ್ಲಿನವನು ಮಗಳ ಮದುವೆಯ ಪೇಟದಲ್ಲಿ, ನಡುವೆ ಒಂದು ಹಿಮಕರಡಿ ನಗುತ್ತ. ಜೀಪಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಆರತಿ ಬೆಳಗಿದರು, ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟುವಾಗ ಜೀಪು ಹತ್ತಿ, ಕೈಬೀಸಿ ಹೊರಟು, ಮುಂದಿನ ತಿರುವಿನಲ್ಲಿ ತಿರುಗಿ ಮನೆಗೆ ಬಂದೆ.

ಮರುದಿನ ಹಾಲಿನ ಅಂಗಡಿಯಲ್ಲಿ, "ಇನ್ನೂ ಹೊಂಟಿಲ್ಲೇನ್ರಿ?" ಅಂದರು. ಮೂರನೇ ದಿನ ಅದನ್ನೇ ನಗದೆ ಕೇಳಿದರು. ವಾರ ಕಳೆಯುವಷ್ಟರಲ್ಲಿ ನನ್ನನ್ನು ಕಂಡವರು ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಇನ್ನು ಶಾಲು ವಾಪಸ್ ಕೇಳುವುದೊಂದೇ ಬಾಕಿ ಅನ್ನಿಸಿ, ಒಂದು ಬೆಳಿಗ್ಗೆ ಜೀಪಿಗೆ ತಾಡಪತ್ರಿ ಹೊದೆಸಿಕೊಂಡು ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿರುವ ಮಿಲ್ಲಿನವನ ತೋಟದ ಮನೆ ಸೇರಿದೆ, ಅವನೂ ಬಂದು ಕೂಡಿಕೊಂಡ. ಊರವರ ಲೆಕ್ಕದಲ್ಲಿ ನಾವು ಹೊರಟುಹೋದೆವು. ನಿಜ ಗೊತ್ತಿದ್ದದ್ದು ನಮ್ಮಿಬ್ಬರ ಹೆಂಡಂದಿರಿಗೆ ಮಾತ್ರ. ಅಲ್ಲಿ ಭತ್ತದ ಗದ್ದೆ ನೋಡುತ್ತ ತಿಂಗಳು ಕಳೆಯಿತು. ಪರ್ಮಿಟ್ಟಿನ ಸುದ್ದಿಯಿಲ್ಲ. ಬೇಸಿಗೆ ಮುಗಿದರೆ ರಸ್ತೆಯಿಲ್ಲ, ವರ್ಷ ಕಳೆದರೆ ಕಣ್ಣಿಲ್ಲ. ಆ ದಿನಗಳಲ್ಲಿ ನನಗೆ ನಿಜವಾಗಿ ಅಳು ಬರುತ್ತಿತ್ತು. ಮಿಲ್ಲಿನವನು ಸಮಾಧಾನ ಮಾಡುತ್ತಿದ್ದ: "ಅಳಬ್ಯಾಡಲೇ. ಊರಾಗ ಎಲ್ಲರೂ ನಾವು ಆಗ್ಲೇ ಚೀನಾ ದಾಟೀವಿ ಅಂತ ಮಾತಾಡಾಕತ್ತಾರ."

ಹೊರಟದ್ದು

ಕೊನೆಗೂ ಪರ್ಮಿಟ್ಟು ಬಂತು. ಬೆಳಕು ಹರಿಯುವ ಮುಂಚೆ ಮೆಟ್ರಿಯಿಂದ ಹೊಸಪೇಟೆಗೆ ಬಂದು, ಜಾಕೆಟ್ಟು ತೆಗೆದುಕೊಂಡು, ಹೆಂಡತಿಗೆ ಹೇಳಿ, ಯಾರ ಕಣ್ಣಿಗೂ ಬೀಳದೆ ಹೊರಡುವುದು ಅಂತ ಲೆಕ್ಕ. ಆಕೆ ಬುತ್ತಿ ಕೊಟ್ಟಳು. ನನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಬಟ್ಟೆ ಅಂಗಡಿಯವರು!

"ಏ, ವಾಪಸ್ ಬಂದ್ರೇನು! ಯಾವಾಗ ಬಂದ್ರಿ? ಹೆಂಗಿತ್ರಿ ಆರ್ಕ್ಟಿಕ್?"

ಇಲ್ಲ, ಈಗ ಹೊರಟಿದ್ದೇವೆ ಅಂದರೆ ಮತ್ತೆ ಆರತಿ, ಮತ್ತೆ ಮುಖ್ಯ ಅತಿಥಿ. "ಮಸ್ತ್ ಇತ್ರಿ" ಅಂದೆ.

"ಈಗ ಎಲ್ಲಿಗೆ ಹೊಂಟ್ರಿ?"

ಬಾಯಿಗೆ ಬಂದದ್ದು ಒಂದೇ ಊರು. "ಸಂಡೂರಿಗೆ."

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಇಳಿದು ಒಳಗೆ ಹೋಗಿ ಕೂತು ನೀರು ಕುಡಿದೇ ಹೊರಡಬೇಕು. ಅದರಲ್ಲಿ ಮಿಲ್ಲಿನವನು ಬಹಳ ಕಟ್ಟುನಿಟ್ಟು. ನನ್ನನ್ನೂ ಇಳಿಸಿ ಒಳಗೆ ಕರೆದೊಯ್ದ. ನಾವು ನೀರು ಕುಡಿದು ಬರುವಷ್ಟರಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಅವರೂ, ಅವರ ಹೆಂಡತಿಯೂ, ಒಂದು ಬುಟ್ಟಿ ಹೂವೂ ಕೂತಿದ್ದರು.

"ಛಲೋ ಆತು ನೋಡ್ರಿ. ನಾವೂ ಇವತ್ತ ಸಂಡೂರಾಗ ನಮ್ಮ ಷಡ್ಡಕನ ಮನಿ ಪೂಜಾಕ್ಕ ಹೋಗಾದಿತ್ತು. ಬಸ್ಸಿನ ತ್ರಾಸು ತಪ್ತು."

ಹೀಗೆ ಉತ್ತರ ಧ್ರುವದ ಕಡೆಗೆ ನಮ್ಮ ಯಾತ್ರೆ ದಕ್ಷಿಣಕ್ಕೆ ಮುಖ ಮಾಡಿ ಆರಂಭವಾಯಿತು. ದಾರಿಯುದ್ದಕ್ಕೂ ನಾನು ನೋಡದ ಸಮುದ್ರವನ್ನು ಅವರಿಗೆ ವರ್ಣಿಸಿದೆ. ಚೆನ್ನಾಗಿಯೇ ವರ್ಣಿಸಿರಬೇಕು, ಅವರ ಹೆಂಡತಿ ಸೆರಗು ಹೊದ್ದುಕೊಂಡರು. ಸಂಡೂರಿನಲ್ಲಿ ಇಳಿಯುವಾಗ ಅವರು, "ಸಂಜಿಗೆ ಹೋಗಾಗ ನಮ್ಮನ್ನ ಕರ್ಕೊಂಡ ಹೋಗ್ರಿ ಮತ್ತ" ಅಂದರು. ಆಗಲಿ ಅಂದೆ. ತಿರುಗಿಸಿದ ಜೀಪನ್ನು ಮತ್ತೆಲ್ಲೂ ನಿಲ್ಲಿಸಲಿಲ್ಲ.

ಸಂಜೆ ಹೊತ್ತಿಗೆ ವಿಜಯಪುರ ದಾಟಿ ಬಹಳ ದೂರ ಬಂದಿದ್ದೆವು. ಫೋನ್ ಬಂತು.

"ಎಲ್ಲಿದೀರಿ? ನಾವು ಬಸ್ ಸ್ಟ್ಯಾಂಡಿನ ಮುಂದ ನಿಂತೀವಿ."

ಮುಂದೆ ರಸ್ತೆ ಖಾಲಿಯಿತ್ತು. ಇಷ್ಟು ದೂರ ಬಂದವನನ್ನು ಇನ್ನು ಯಾರು ತಿರುಗಿಸಿಯಾರು ಅಂತ ಧೈರ್ಯ ಬಂದು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ: "ನಾವು ಆರ್ಕ್ಟಿಕ್‌ಗೆ ಹೊಂಟೀವ್ರಿ."

ಅವರು ನಿಜವಾದ ಕಳವಳದಿಂದ ಕೇಳಿದರು:

"ಯಾಕ್ರಿ, ಅಲ್ಲಿ ಏನರ ಮರ್ತು ಬಂದೀರೇನು?"