ಅವ್ವನ ಶನಿವಾರದ ಭಕ್ತರು

ದೇವರ ಕೆಲಸವೆಂದು ಶ್ರದ್ಧೆಯಿಂದ ಕೈಗೆತ್ತಿಕೊಂಡವರ ಮನೆಯಲ್ಲೇ ನಗುವ ಪ್ರಸಂಗಗಳು ಹೆಚ್ಚು ನಡೆಯುತ್ತವೆ. ಇದು ನಾನು ಓದಿ ತಿಳಿದದ್ದಲ್ಲ, ನಮ್ಮವ್ವನನ್ನು ನೋಡಿ ತಿಳಿದದ್ದು. ಅವಳು ತೀರಿಕೊಂಡು ವರ್ಷಗಳಾದವು. ಸಂಜೆ ಸುಮ್ಮನೆ ಕಣ್ಣು ಮುಚ್ಚಿ ಕುಳಿತರೆ ಮುಂಬಯಿಯ ಸಯನ್ನಿನ ಆ ಚಾಳು, ಅದರ ಮನೆಗಳ ಮುಂದಿನ ಉದ್ದನೆಯ ಗ್ಯಾಲರಿ, ತಲೆತುಂಬ ಸೆರಗು ಹೊದ್ದು ಸ್ಟೋವಿನ ಮುಂದೆ ಕುಳಿತ ಅವ್ವ, ಎಲ್ಲವೂ ನೀರಿನಡಿಯ ಚಿತ್ರದಂತೆ ಅಲುಗಾಡುತ್ತ ಮೇಲೆ ಬರುತ್ತವೆ. ಆಗ ದುಃಖವಾಗಬೇಕು. ಆದರೆ ನಗು ಬಂದುಬಿಡುತ್ತದೆ.

೧. ಒಂದು ಚಮಚ

ಅರವತ್ತರ ದಶಕದ ಕೊನೆಗೆ ನಾನು ಗದಗಿನ ಕಡೆಯ ಹಳ್ಳಿಯಿಂದ ಮುಂಬಯಿಗೆ ಮಿಲ್ಲಿನ ಕೆಲಸಕ್ಕೆ ಬಂದೆ. ಅವ್ವನೂ ನನ್ನ ಹೆಂಡತಿಯೂ ಜೊತೆಗೆ ಬಂದರು. ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಮರಾಠಿಯವರು ಆರಾಧನೆ ಮುಗಿಸಿ ಹೋದ ಮೇಲೆ ಅದೇ ಚರ್ಚಿನಲ್ಲಿ ಮಧ್ಯಾಹ್ನ ನಮ್ಮ ಆರಾಧನೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡೇ ಬಾಯಿಪಾಠದಿಂದ ಹಾಡುತ್ತಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ತನ್ನಿಂದ ದೇವರಿಗೆ ಏನು ಉಪಯೋಗ ಎಂಬ ಕೊರಗು ಅವಳಿಗಿತ್ತು. ಅದನ್ನು ತಿಳಿದ ಪಾದ್ರಿಗಳು, ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡಿಕೊಡುವ ಕೆಲಸವನ್ನು ಅವಳಿಗೆ ಒಪ್ಪಿಸಿದರು. ಕರಿ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ಬರೀ ಸಿಹಿ ರಸ. ಅವ್ವ ಬದುಕಿದ್ದೇ ಆ ಕೆಲಸಕ್ಕೆ ಎಂಬಂತಾದಳು.

ಸಭೆಯ ಹಿರಿಯರೊಬ್ಬರು ಬಲು ಕಟ್ಟುನಿಟ್ಟಿನವರು. "ಅಕ್ಕಾರ, ಇದರಾಗ ಅಮಲು ಇರಬಾರದು ನೋಡ್ರಿ" ಎಂದು ಮೊದಲ ಸಲ ಒಂದು ಚಮಚ ಕುಡಿದು ಪರೀಕ್ಷಿಸಿದರು. ಪಾದ್ರಿಗಳು ಪ್ರಸಂಗ ಶುರುಮಾಡಿದ ಕೂಡಲೇ ಹಿರಿಯರ ಗೊರಕೆ ಕೇಳಿಬಂತು. ಎಚ್ಚರವಾದ ಮೇಲೆ ಅವ್ವನ ಹತ್ತಿರ ಬಂದರು.

"ಅಕ್ಕಾರ, ಇದರಾಗ ಏನೋ ಐತಿ. ನನಗ ನಿದ್ದಿ ಬಂತು."

ಅವ್ವ ನಿಧಾನವಾಗಿ ಕೇಳಿದಳು: "ಹೋದ ವಾರ ಏನೂ ಕುಡೀದನ ಇದಕ್ಕಿಂತ ಜೋರು ಗೊರಕಿ ಹೊಡದಿದ್ರಿ. ಅವತ್ತು ಏನಿತ್ರಿ?"

೨. ಬಾಯಾರಿದವನು

ಆಗ ಮುಂಬಯಿಯಲ್ಲಿ ಪಾನನಿರೋಧ. ಪರ್ಮಿಟ್ ಇಲ್ಲದವರು ಗಲ್ಲಿಯ ಯಾವುದೋ ಮನೆಯಲ್ಲಿ ಕದ್ದು ಕುಡಿಯಬೇಕು. ಅಂಥ ಮನೆಗಳನ್ನು ನಡೆಸುವವಳು ಸಾಮಾನ್ಯವಾಗಿ ಒಬ್ಬ ಕಿರಿಸ್ತಾನ ಹೆಂಗಸು ಎಂದು ಕುಡಿಯುವವರು ನಂಬಿದ್ದರು. ನಮ್ಮ ಬಾಗಿಲ ಮೇಲೆ ಶಿಲುಬೆ. ಒಳಗಿಂದ ದ್ರಾಕ್ಷಿ ಕುದಿಯುವ ಘಮ. ಆ ಘಮ ಗ್ಯಾಲರಿಯುದ್ದಕ್ಕೂ ಮೆಲ್ಲಗೆ ನಡೆದು, ಮೆಟ್ಟಿಲಿಳಿದು, ಬೀದಿಗೆ ಹೋಗುತ್ತಿತ್ತು.

ಒಂದು ಶನಿವಾರ ಸಂಜೆ ಅದೇ ದಾರಿ ಹಿಡಿದು ಒಬ್ಬ ಟ್ಯಾಕ್ಸಿ ಡ್ರೈವರ್ ಮೇಲೆ ಬಂದ. ಬಾಗಲಕೋಟೆ ಕಡೆಯವನು. ಅವ್ವ ಕನ್ನಡದಲ್ಲಿ ಹಾಡುವುದನ್ನು ಕೇಳಿ ಇನ್ನೂ ಧೈರ್ಯ ಬಂದಿರಬೇಕು.

"ಯವ್ವಾ, ಬಾಳ ನೀರಡಿಸೇತಿ. ಒಂದು ಗ್ಲಾಸ್ ಸಿಗತದೇನು?"

ಅವ್ವ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಗುಟುಕರಿಸಿ, ಮುಖ ಸಣ್ಣದು ಮಾಡಿ, ಆಚೀಚೆ ನೋಡಿ ಪಿಸುಗುಟ್ಟಿದ: "ಇದಲ್ಲ ಯವ್ವಾ. ಒಳಗಿಂದು."

"ಇದೂ ಒಳಗಿಂದ ತಮ್ಮಾ. ಹೊರಗ ನಳದಾಗ ನೀರ ನಿಂತಾವ" ಎಂದಳು ಅವ್ವ.

೩. ಪರೀಕ್ಷೆ

ಮುಂದಿನ ಶನಿವಾರ ಅವನು ಇಬ್ಬರು ಗೆಳೆಯರನ್ನು ಕರೆತಂದ. ಅವ್ವ ಪ್ರತಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಪ್ರಾರ್ಥನೆಗೆ ಕೂರುವವಳು. "ಕುಂದರ್ರಿ" ಎಂದು ಚಾಪೆ ಹಾಸಿದಳು. ಇದು ಪೊಲೀಸರ ಕಣ್ಣು ತಪ್ಪಿಸುವ ಉಪಾಯ ಎಂದುಕೊಂಡು ಮೂವರೂ ತಲೆ ತಗ್ಗಿಸಿ ಕುಳಿತರು.

ಅವ್ವನ ಪ್ರಾರ್ಥನೆ ಊರಿನಿಂದ ಹೊರಟು, ಬಂಧುಬಳಗವನ್ನೆಲ್ಲ ಮಾತಾಡಿಸಿ, ದನಕರು ದಾಟಿ, ರೈಲು ಹತ್ತಿ, ಮೆಲ್ಲಗೆ ಮುಂಬಯಿಗೆ ಬರುತ್ತಿತ್ತು. ದೂರದಲ್ಲಿ ಲೋಕಲ್ ಗಾಡಿಗಳ ಸದ್ದು. ಕಿಟಕಿಯಲ್ಲಿ ಬೂದುಬಣ್ಣದ ಬೆಳಕು. ನಮಗೇ ಎಲ್ಲಿದ್ದೇವೆಂಬುದು ಮರೆತುಹೋಗುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ನೀರು.

ಮತ್ತೊಂದು ವಾರ ಐದಾರು ಜನ. ಅವ್ವನ ಮುಖ ಬೆಳಗಿತು. "ಈ ಊರ ಗಂಡಸರು ಎಂಥಾ ಭಕ್ತರಪಾ" ಎಂದಳು. ನನಗೂ ಹೆಂಡತಿಗೂ ವಿಷಯ ಗೊತ್ತು, ಆದರೆ ಆ ಮುಖ ನೋಡಿ ಹೇಳುವುದು ಹೇಗೆ?

ಒಂದು ದಿನ ಡ್ರೈವರ್ ನನ್ನನ್ನು ಗ್ಯಾಲರಿಯಲ್ಲಿ ಪಕ್ಕಕ್ಕೆ ಕರೆದ. "ಅಣ್ಣಾರ, ಅಂಥಾದ್ದೇನೂ ಇಲ್ಲಿ ಇಲ್ಲ ಅಂತೀರಿ, ನಾ ನಂಬಂಗಿಲ್ಲ. ಯವ್ವ ನಮ್ಮನ್ನ ಪರೀಕ್ಷಾ ಮಾಡಾಕತ್ತಾಳ. ಮಾಡ್ಲಿ. ಆದ್ರ ಆ ದನಕರುದ್ದಷ್ಟು ಸ್ವಲ್ಪ ಕಡಿಮಿ ಮಾಡಾಕ ಹೇಳ್ರಿ."

೪. ಹವಾಲ್ದಾರ

ಗಂಡಸರು ಹತ್ತಿ ಇಳಿಯುವುದನ್ನು ಕಂಡು ಒಂದು ಶನಿವಾರ ಹವಾಲ್ದಾರನೂ ಬಂದ. ಮರಾಠಿಯಲ್ಲಿ ಗದರಿಸಿ, ಪಾತ್ರೆಯ ಮುಚ್ಚಳ ತೆಗೆಸಿ, ಚಮಚ ಅದ್ದಿ ನಾಲಿಗೆಗೆ ಹಚ್ಚಿದ. ಹುಬ್ಬು ಗಂಟಿಕ್ಕಿ ಇನ್ನೊಂದು ಚಮಚ ಕುಡಿದ. ಮೂರನೆಯದಕ್ಕೆ ಅವ್ವ ಮುಚ್ಚಳ ಹಾಕಿದಳು.

"ಅದು ದೇವರಿಗೆ ಅಂತ ಹೇಳವಾ ಅವರಿಗೆ" ಎಂದಳು ನನ್ನ ಹೆಂಡತಿಗೆ. "ಬಂದವರು ಪ್ರಾರ್ಥನಾ ಇಲ್ಲದ ಹೋಗಬಾರದು ಅಂತನೂ ಹೇಳು."

ಹೆಂಡತಿ ಮರಾಠಿಯಲ್ಲಿ ಹೇಳಿದಳು. ಹವಾಲ್ದಾರ ಟೊಪ್ಪಿಗೆ ತೆಗೆದು ಕುಳಿತ. ಓಡಾಡಿ ಓಡಾಡಿ ನೋಯುವ ಪೊಲೀಸರ ಕಾಲುಗಳಿಗಾಗಿ ಅವತ್ತು ಅವ್ವ ವಿಶೇಷವಾಗಿ ಬೇಡಿಕೊಂಡಳು. ಅವನು ಹೊರಟಾಗ ಇಡೀ ಗಲ್ಲಿ ನೋಡುತ್ತಿತ್ತು. ಅರ್ಧ ತಾಸು ಒಳಗಿದ್ದು, ಮೀಸೆ ಒರೆಸಿಕೊಳ್ಳುತ್ತ, ಯಾರನ್ನೂ ಹಿಡಿಯದೆ ಹೋದ ಹವಾಲ್ದಾರ. ಈ ಮನೆಗೆ ಹೋದರೆ ಭಯವಿಲ್ಲ ಎಂದು ಗಲ್ಲಿ ತೀರ್ಮಾನಿಸಿತು.

೫. ಮೆಟ್ಟಿಲ ಮೇಲೆ

ಸುದ್ದಿ ಸಭೆಗೂ ಮುಟ್ಟಿತು. ಅದೇ ಕಟ್ಟುನಿಟ್ಟಿನ ಹಿರಿಯರು ಅವ್ವನನ್ನು ಕರೆದು, "ನಿಮ್ಮ ಮನಿ ಬಗ್ಗೆ ಮಂದಿ ಏನೇನೋ ಅಂತಾರ. ಈ ಶನಿವಾರ ನಾನ ಬಂದು ನೋಡ್ತೇನಿ. ಖರೇ ಇದ್ರ ದ್ರಾಕ್ಷಾರಸದ ಕೆಲಸ ಬ್ಯಾರೆ ಮನಿಗೆ ಹೋಗತದ" ಎಂದರು.

ಮಂದಿ ಏನು ಅನ್ನುತ್ತಾರೆಂದು ಅವ್ವ ಕೇಳಲೇ ಇಲ್ಲ. ಕೆಲಸ ಹೋಗುತ್ತದೆ ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಆ ವಾರ ಸರಿಯಾಗಿ ಉಣ್ಣಲಿಲ್ಲ. "ನನ್ನ ಕೈಯಾಗಿಂದ ಅದೊಂದು ತಗೊಂಡ್ರ ನಾ ಈ ಊರಾಗ ಯಾತಕ್ಕಪಾ?" ಎಂದು ನನ್ನನ್ನು ಕೇಳಿದಳು.

ಶನಿವಾರ ಹಿರಿಯರನ್ನು ಸ್ಟೇಷನ್ನಿನಿಂದ ನಾನೇ ಕರೆತಂದೆ. ಚಾಳಿನ ಬುಡಕ್ಕೆ ಬಂದೆವು. ಮೆಟ್ಟಿಲ ತುಂಬ ಜನ. ಕೈಕಟ್ಟಿ, ತಲೆ ತಗ್ಗಿಸಿ, ಸಾಲಾಗಿ ನಿಂತಿದ್ದಾರೆ. ಮೇಲಿನಿಂದ ಅವ್ವನ ದನಿ ತೇಲಿ ಬರುತ್ತಿತ್ತು. ಅದಿನ್ನೂ ಊರಿನ ದನಕರುಗಳ ಹತ್ತಿರವೇ ಇತ್ತು. ಹಿರಿಯರು ಸಾಲಿನ ಕೊನೆಗೆ ನಿಂತರು, ಅವರ ಬೆನ್ನ ಹಿಂದೆ ನಾನು. ಮುಂದಿದ್ದವನು ಅದೇ ಡ್ರೈವರ್. ಅರೆಗತ್ತಲಲ್ಲಿ ನನ್ನನ್ನು ನೋಡಲಿಲ್ಲ. ಹಿರಿಯರ ಕಡೆ ತಿರುಗಿ ಸ್ನೇಹದಿಂದ ಕೇಳಿದ:

"ಹೊಸಬರೇನ್ರಿ? ಇಲ್ಲೆ ಅವಸರ ಮಾಡಂಗಿಲ್ಲ. ಮೊದಲ ಪ್ರಾರ್ಥನಾ ಮುಗೀಬೇಕು."

"ಮುಗದ ಮ್ಯಾಲೆ?" ಎಂದರು ಹಿರಿಯರು.

"ನೀರು ಕೊಡ್ತಾಳ."

"ಆಮ್ಯಾಲೆ?"

"ಆಮ್ಯಾಲೆ ಮನಿಗೆ ಹೋಗೂದು."

"ಮತ್ತ ನಿಮಗ ಬೇಕಾದ್ದು?"

ಡ್ರೈವರ್ ಉಸಿರುಬಿಟ್ಟ. "ಮಳಿಗಾಲದಿಂದ ಕಾಯಾಕತ್ತೀನ್ರಿ. ಒಂದು ಹನಿ ಕಂಡಿಲ್ಲ. ಬಾಳ ಗಟ್ಟಿ ಮುದುಕಿ. ಆದ್ರ ನೀವು ಬಿಡಬ್ಯಾಡ್ರಿ, ಒಂದಿಲ್ಲ ಒಂದಿನ ಮನಸ್ಸು ಕರಗತೈತಿ."

ಮೇಲಿಂದ ಆಮೆನ್ ಕೇಳಿಬಂತು. ಮೆಟ್ಟಿಲ ಮೇಲಿನವರೆಲ್ಲ ಆಸೆಯಿಂದ ಆಮೆನ್ ಅಂದರು. ಹಿರಿಯರೂ ಅಂದು, ಮೇಲೆ ಹತ್ತದೆ ಸೀದಾ ಸ್ಟೇಷನ್ನಿನ ಕಡೆ ತಿರುಗಿದರು.

ಮರುದಿನ ಚರ್ಚಿನಲ್ಲಿ ಅವ್ವ ದ್ರಾಕ್ಷಾರಸದ ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು. ಹಿರಿಯರು ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಅಕ್ಕಾರ, ಈ ಕೆಲಸ ಕಡೀತನಕ ನೀವ ಮಾಡ್ರಿ. ಆದ್ರ ಶನಿವಾರದ ಪ್ರಾರ್ಥನಾ ಒಂದೀಟು ಸಣ್ಣದು ಮಾಡ್ರಿ. ಮೆಟ್ಟಲ ಮ್ಯಾಲೆ ಮಂದಿ ಪಾಪ ಭಾಳ ನೀರಡಿಸ್ಯಾರ."