ಮುಳುಗುವವರು ಬೇಕಾಗಿದ್ದಾರೆ

ನನ್ನ ಹೆಂಡತಿಗೆ ಕೆಸರಿನ ಮೇಲಿರುವಷ್ಟು ಪ್ರೀತಿ ನನ್ನ ಮೇಲಿಲ್ಲ ಎಂಬುದು ನನ್ನ ಹಳೆಯ ದೂರು. ಕೆಸರೆಂದರೆ ಅಂತಿಂಥ ಕೆಸರಲ್ಲ, ಕಡಲ ತಳದ ಕೆಸರು. ಅದರೊಳಗೆ ಸಾಸಿವೆಗಿಂತ ಚಿಕ್ಕ ಚಿಪ್ಪುಗಳಿರುತ್ತವಂತೆ. ಅವನ್ನು ಒಂದೊಂದಾಗಿ ಪರೀಕ್ಷಿಸಿದರೆ ಸಾವಿರಾರು ವರ್ಷಗಳ ಹಿಂದೆ ಸಮುದ್ರ ಎಷ್ಟು ಬೆಚ್ಚಗಿತ್ತು ಎಂದು ತಿಳಿಯುತ್ತದಂತೆ. (ಪಕ್ಕದಲ್ಲೇ ಕೂತ ಗಂಡನ ಟೀ ಬೆಚ್ಚಗಿದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯುವುದಿಲ್ಲ.)

ಮದುವೆಯಾಗಿ ಏಳು ವರ್ಷದ ಮೇಲೆ ಆಕೆ ಪಿಎಚ್.ಡಿ.ಗೆ ಸೇರಿದಳು. ನಾಲ್ಕು ವರ್ಷ ಬೇರೆಯವರು ತಂದಿಟ್ಟ ಹಳೆಯ ಕೆಸರನ್ನೇ ಸೂಕ್ಷ್ಮದರ್ಶಕದ ಕೆಳಗೆ ನೋಡಿ ನೋಡಿ, ಹೊಸ ಕೆಸರಿಲ್ಲದೆ ಪ್ರಬಂಧ ಇನ್ನೊಂದು ಪುಟವೂ ಮುಂದೆ ಹೋಗದು ಎಂಬಲ್ಲಿಗೆ ಬಂದು ನಿಂತಳು. ಸಂಶೋಧನಾ ಹಡಗಿನಲ್ಲಿ ಜಾಗ ಕೇಳಿ ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ಇಲ್ಲ ಎಂದರು. ಮೂರನೆಯ ಸಲ ಪತ್ರ ಬಂತು. ಮೂವತ್ತೆಂಟು ದಿನಗಳ ಯಾನ.

ಪತ್ರದ ಜೊತೆ ಒಂದು ಪಟ್ಟಿಯೂ ಇತ್ತು. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ವೈದ್ಯರ ಪ್ರಮಾಣಪತ್ರ, ಬೆರಳಿನ ಭಾಗಕ್ಕೆ ಕಬ್ಬಿಣದ ತಗಡು ಇರುವ ಬೂಟು, ಮಡಚಿಡಬಹುದಾದ ಒಂದೇ ಒಂದು ಚೀಲ. ಕೊನೆಯ ಸಾಲಿಗೆ ಬಂದಾಗ ದನಿ ಇಳಿಯಿತು. ‘ಐದು ವಾರದೊಳಗೆ ನೀರಿನಲ್ಲಿ ಪ್ರಾಣರಕ್ಷಣೆಯ ಪರೀಕ್ಷೆ ಪಾಸಾಗಿರಬೇಕು. ತಪ್ಪಿದರೆ ಜಾಗವನ್ನು, ಕಾಯುತ್ತಿರುವವರ ಪಟ್ಟಿಯಲ್ಲಿ ಮೊದಲಿರುವವರಿಗೆ ಕೊಡಲಾಗುವುದು.’

“ನನಗೆ ಈಜು ಬರಲ್ವಲ್ಲ ರೀ,” ಎಂದಳು.

“ಅದಕ್ಯಾಕೆ ಅಷ್ಟು ಯೋಚನೆ? ನಾನಿಲ್ವಾ?” ಎಂದೆ.

ಸೊಪ್ಪು ಬಿಡಿಸುತ್ತಿದ್ದ ನನ್ನ ಅಮ್ಮ ತಲೆ ಎತ್ತಿದಳು. “ನಿನಗ್ಯಾವಾಗ ಬಂತೋ ಈಜು?”

“ಹಾಸ್ಟೆಲಲ್ಲಿದ್ದಾಗ ಕಲಿತೆ ಕಣಮ್ಮ. ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಹೇಳಿರಲಿಲ್ಲ.”

ಹಾಸ್ಟೆಲ್ಲಿನ ಮಾತು ಸುಳ್ಳು, ಒಪ್ಪುತ್ತೇನೆ. ಆದರೆ ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಈಜು ಕಲಿಸುವ ಕೈಪಿಡಿಯೊಂದರ ಕರಡನ್ನು ತಿದ್ದಿದವನು ನಾನೇ, ಅದರ ಎರಡನೆಯ ಮುದ್ರಣವನ್ನು ತಿದ್ದಿದವನೂ ನಾನೇ. ಈಜಿನ ಬಗ್ಗೆ ನನಗೆ ತಿಳಿಯದ್ದು ಏನಾದರೂ ಇದ್ದರೆ ಅದು ನೀರೊಂದೇ.

ಮರುದಿನದಿಂದಲೇ ಪಾಠ ಶುರುವಾಯಿತು. ಅಡುಗೆಮನೆಯ ಸ್ಟೂಲಿನ ಮೇಲೆ ಹೆಂಡತಿಯನ್ನು ಹೊಟ್ಟೆ ಅಡಿಯಾಗಿ ಮಲಗಿಸಿ, ಕೈಪಿಡಿ ತೆರೆದು ಹಿಡಿದು, “ಬಲಗೈ ಮುಂದೆ, ಮುಖ ಎಡಕ್ಕೆ, ಉಸಿರು ಒಳಕ್ಕೆ” ಎಂದು ಅಪ್ಪಣೆ ಕೊಡತೊಡಗಿದೆ. ಆಕೆ ಕಾಲು ಬೀಸಿದ ರಭಸಕ್ಕೆ ಸಕ್ಕರೆ ಡಬ್ಬ ಉರುಳಿತು.

“ಇವಳು ಹಡಗು ಹತ್ತೋದ್ರೊಳಗೆ ನನ್ನ ಅಡುಗೆಮನೆ ಮುಳುಗುತ್ತೆ,” ಎಂದಳು ಅಮ್ಮ.

“ರೀ, ನೀರಿಗೆ ಇಳಿಯೋದು ಯಾವಾಗ?”

“ಮೊದಲು ಸಿದ್ಧಾಂತ, ಆಮೇಲೆ ಪ್ರಯೋಗ.”

“ನಮ್ಮ ಗೈಡ್ ಮೇಡಂ ನಾಲ್ಕು ವರ್ಷದಲ್ಲಿ ಇಷ್ಟು ಸಿದ್ಧಾಂತ ಹೇಳಿಲ್ಲ!”

ಎಂಟು ದಿನ ಸ್ಟೂಲಿನ ಮೇಲೆ ಈಜಿದ ಆಕೆಗೆ ಪಕ್ಕೆಲುಬು ನೋವು ಬಂತೇ ಹೊರತು ಈಜು ಬರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಊರಿನ ಈಜುಕೊಳಕ್ಕೆ ತಾನೇ ಹೊರಟಳು. “ನೀವೂ ಬನ್ನಿ” ಎಂದು ಕರೆದಳು. ನನಗೆ ಕಿವಿನೋವು. ಮರುದಿನವೂ ಕರೆದಳು. ನೋವು ಇನ್ನೊಂದು ಕಿವಿಗೆ ದಾಟಿತ್ತು.

ಮೂರನೆಯ ದಿನ ಕೊಳದಿಂದ ಬಂದವಳು ಹೊಸ್ತಿಲ ಮೇಲೇ ಕೂತುಬಿಟ್ಟಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣು ಕೆಂಪಾಗಿತ್ತು.

“ಕ್ಲೋರಿನ್ ಜಾಸ್ತಿ ಹಾಕ್ತಾರೆ ಅನ್ಸುತ್ತೆ,” ಎಂದೆ.

“ಕ್ಲೋರಿನ್ ಅಲ್ಲ. ಮುಖ ನೀರೊಳಗೆ ಹೋದ ತಕ್ಷಣ ಎದೆ ಡವಡವ ಅನ್ನುತ್ತೆ. ನನ್ನ ಕೈಲಿ ಆಗಲ್ಲ ರೀ.”

ನಿಜ ಹೇಳಿಬಿಡುತ್ತೇನೆ. ಆ ಕ್ಷಣ ನನ್ನ ಮನಸ್ಸಿನ ಮೂಲೆಯಲ್ಲೊಂದು ಸಣ್ಣ ಸಂತೋಷ ಇಣುಕಿತು. ಆಕೆಯಿಲ್ಲದ ಮೂವತ್ತೆಂಟು ದಿನಗಳನ್ನು ನೆನೆಸಿಕೊಂಡರೆ ನನ್ನ ಎದೆಯೂ ಡವಡವ ಎನ್ನುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಅಮ್ಮ ಟವೆಲ್ ತಂದು ಸೊಸೆಯ ತಲೆ ಒರೆಸತೊಡಗಿದಳು.

“ಬಿಡಬೇಡ ಕಣೇ. ಎರಡು ಸಲ ಇಲ್ಲ ಅಂದವರು ಈಗ ಬಾ ಅಂದಿದ್ದಾರೆ. ನಾಳೆ ನಾನೂ ಬಂದು ದಡದಲ್ಲಿ ಕೂತಿರ್ತೀನಿ.”

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಬೆಳಗ್ಗೆ ಆರಕ್ಕೆ ಹೊರಡುತ್ತಿದ್ದರು. ಮನೆಯಲ್ಲಿ ನಾನು ಟೀ ಮಾಡಿ, ನಾನೇ ಕುಡಿದು, ಚೆನ್ನಾಗಿಲ್ಲವೆಂದು ನನ್ನ ಮೇಲೇ ಸಿಡುಕುತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಆಕೆ ಅಂಗಾತ ತೇಲಿದಳು. ಮತ್ತೊಂದು ವಾರಕ್ಕೆ ಕೊಳದ ಈ ತುದಿಯಿಂದ ಆ ತುದಿಗೆ ಹೋದಳು. ನಾನು ಅಚ್ಚುಮನೆಯಲ್ಲಿ ಎಲ್ಲರಿಗೂ ಹೇಳಿದೆ, “ನನ್ನ ಹೆಂಡತಿ ಈಜು ಕಲಿತಳು. ತಳಪಾಯ ನನ್ನದೇ.”

ಪರೀಕ್ಷೆಯ ದಿನ ನಾನು ಮತ್ತು ಅಮ್ಮ ದಡದ ಬೆಂಚಿನ ಮೇಲೆ ಕೂತೆವು. ಆ ಹಡಗಿಗೆ ಹೋಗುವ ಎಂಟು ಮಂದಿ ಲೈಫ್ ಜಾಕೆಟ್ ತೊಟ್ಟು ಸಾಲಾಗಿ ನಿಂತಿದ್ದರು, ನನ್ನವಳೇ ಮೊದಲು. ಕುತ್ತಿಗೆಯಲ್ಲಿ ಸದಾ ಸಿಳ್ಳೆ ನೇತಾಡುತ್ತಿದ್ದುದರಿಂದ ಎಲ್ಲರೂ ಸಿಳ್ಳೆ ಮೇಷ್ಟ್ರು ಎನ್ನುತ್ತಿದ್ದ ತರಬೇತುದಾರರು ವಿವರಿಸಿದರು. ಎತ್ತರದ ಹಲಗೆಯಿಂದ ಧುಮುಕಬೇಕು, ಮುಳುಗುತ್ತಿರುವವರನ್ನು ಹಿಡಿದು ದಡಕ್ಕೆ ಎಳೆದು ತರಬೇಕು. ಮುಳುಗುವ ಕೆಲಸಕ್ಕೆ ಒಂದು ರಬ್ಬರ್ ಗೊಂಬೆ ಇತ್ತು. ಅವತ್ತು ನೋಡಿದರೆ ಅದು ತೂತಾಗಿ, ಯಾರ ಅಪ್ಪಣೆಗೂ ಕಾಯದೆ ಆಗಲೇ ತಳ ಸೇರಿತ್ತು.

“ಇಲ್ಲಿ ಈಜು ಚೆನ್ನಾಗಿ ಬರೋರು ಯಾರಾದ್ರೂ ಇದ್ದೀರಾ? ಮುಳುಗೋ ಹಾಗೆ ನಟಿಸಬೇಕು, ಅಷ್ಟೇ.”

“ಇದ್ದಾನೆ, ಇದ್ದಾನೆ! ಸೊಸೆಗೆ ಕಲಿಸಿದ್ದೇ ನನ್ನ ಮಗ!” ಎಂದು ಅಮ್ಮ ನನ್ನ ಕೈಯನ್ನು ಹಿಡಿದು ಮೇಲೆತ್ತಿದಳು.

ಹಲಗೆಯ ಬಳಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡಿದಳು.

“ಜಾಕೆಟ್ ಬೇಕಾ ಸರ್?” ಎಂದರು ಮೇಷ್ಟ್ರು. ಏಳು ಮಂದಿ ವಿಜ್ಞಾನಿಗಳು, ಹೆತ್ತ ತಾಯಿ, ಕಟ್ಟಿಕೊಂಡ ಹೆಂಡತಿ. ಇಷ್ಟು ಜನರ ಮುಂದೆ ನನ್ನ ಬಾಯಿ ನನ್ನನ್ನು ಕೇಳದೆ, “ಅಯ್ಯೋ, ಜಾಕೆಟ್ ಯಾಕೆ?” ಎಂದುಬಿಟ್ಟಿತು.

ಯಾರದೋ ಚಡ್ಡಿ ತೊಟ್ಟು ಹತ್ತಡಿ ಆಳದ ಕಡೆಗೆ ಬಂದು, ಕಂಬಿ ಹಿಡಿದು ಇಳಿದು, ಕಂಬಿ ಬಿಟ್ಟೆ. ಕೈಪಿಡಿಯ ಪ್ರಕಾರ ಮನುಷ್ಯನ ದೇಹ ತಾನಾಗಿ ತೇಲುತ್ತದೆ. ನನ್ನ ದೇಹ ಆ ಪುಟವನ್ನು ಓದಿರಲಿಲ್ಲ. ನೀರು ಮೂಗಿಗೆ ನುಗ್ಗಿತು. ಹದಿನಾಲ್ಕು ವರ್ಷ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುತ್ತ ಬಂದ ನನಗೆ, ನನ್ನ ಪ್ರಾಣ ಎಷ್ಟು ಅಲ್ಪವೆಂದು ಅಂದು ತಿಳಿಯಿತು. ಮೇಲೆ ಬಂದಾಗ “ಅಮ್ಮಾ!” ಎಂದು ಅರಚಿದೆ.

“ಸೂಪರ್ ಸರ್! ಹಾಗೇ ಮಾಡಿ!” ಎಂದರು ಮೇಷ್ಟ್ರು.

ಅಮ್ಮ ಅಕ್ಕಪಕ್ಕದವರಿಗೆ, “ಶಾಲೇಲೂ ನಾಟಕ ಮಾಡ್ತಿದ್ದ,” ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮತ್ತೆ ಕೆಳಗೆ ಹೋದೆ.

ಧಡ್ ಎಂಬ ಸದ್ದಾಯಿತು. ಸಿಳ್ಳೆ ಊದುವ ಮೊದಲೇ ಅವಳು ಧುಮುಕಿದ್ದಳು. ನನ್ನ ಬನಿಯನ್ನಿಗೆ ಕೈ ಹಾಕಿ ಮೇಲೆಳೆದಳು. ನಾನು ಅವಳ ಕುತ್ತಿಗೆಯನ್ನು ತಬ್ಬಿಕೊಳ್ಳಹೋದೆ.

“ಕೈ ತೆಗೀರಿ! ಅಂಗಾತ ಬಿದ್ಕೊಳ್ಳಿ! ಮಾತಾಡಬೇಡಿ!”

ಮನೆಯಲ್ಲಿ ಅಭ್ಯಾಸವಿದ್ದುದರಿಂದ ತಕ್ಷಣ ವಿಧೇಯನಾದೆ. ಗಲ್ಲ ಹಿಡಿದು ದಡದವರೆಗೆ ಎಳೆದುಕೊಂಡು ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇಷ್ಟು ಸಹಜವಾಗಿ ಮುಳುಗೋರನ್ನ ನಾನು ನೋಡೇ ಇಲ್ಲ,” ಎಂದು ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಅರ್ಧ ಕೊಳ ಹೊರಬಂತು. “ಐದು ನಿಮಿಷ ಸುಧಾರಿಸ್ಕೊಳ್ಳಿ ಸರ್. ಇನ್ನೂ ಏಳು ಜನ ಇದ್ದಾರೆ.”

ಏಳು ಜನ! ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಗ್ಗಿ ಮೆಲ್ಲಗೆ ಕೇಳಿದಳು, “ನೀವು ಹೇಳ್ತೀರಾ, ನಾನು ಹೇಳ್ಲಾ?”

“ನನಗೆ ಈಜು ಬರಲ್ಲ ಸರ್,” ಎಂದೆ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಮೇಲೆ ಕೆಂಪಗಾಯಿತು. ಅವರು ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆದರೆ ಯಾವ ಅಚ್ಚುಮನೆಯೂ ಅಚ್ಚು ಹಾಕುವುದಿಲ್ಲ. ಉಳಿದ ಏಳು ಮಂದಿಗೆ ಅವರೇ ನೀರಿಗಿಳಿದು ಮುಳುಗಿದರು. ನನ್ನ ಹೆಂಡತಿಯ ಹಾಳೆಯಲ್ಲಿ ಮಾತ್ರ, ‘ನಿಜವಾಗಿಯೂ ಮುಳುಗುತ್ತಿದ್ದವರನ್ನು ಗಾಬರಿಯಿಲ್ಲದೆ ಪಾರು ಮಾಡಿದ್ದಾರೆ’ ಎಂದು ಬರೆದು ಸಹಿ ಹಾಕಿದರು.

ಮನೆಗೆ ನಡೆದು ಬರುವಾಗ ಅಮ್ಮ ಹತ್ತು ಹೆಜ್ಜೆ ಮುಂದಿದ್ದಳು, ಮಾತು ಬಿಟ್ಟಿದ್ದಳು.

“ನಿಮಗೆ ಬರಲ್ಲ ಅಂತ ಮೊದಲ ದಿನವೇ ಗೊತ್ತಿತ್ತು,” ಎಂದಳು ಹೆಂಡತಿ. “ಉಸಿರು ತಗೋ ಅನ್ನೋದಕ್ಕೂ ಪುಸ್ತಕ ನೋಡಿದ್ರಿ.”

“ಮತ್ತೆ ಹೇಳಲಿಲ್ಲ ಯಾಕೆ?”

“ನೀವೇ ಹೇಳ್ತೀರಾ ಅಂತ ಕಾದೆ. ಹತ್ತಡಿ ನೀರು ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ.” ಸ್ವಲ್ಪ ದೂರ ಹೋದ ಮೇಲೆ ನನ್ನ ಒದ್ದೆ ತೋಳನ್ನು ಹಿಡಿದುಕೊಂಡಳು. “ಅಲ್ರೀ, ನಿಮಗೇನಾದ್ರೂ ಆಗಿದ್ರೆ?”

ನಾನು ಹೋಗಬೇಡ ಎನ್ನುವ ಬದಲು, “ಬೂಟು ಸರಿಯಾಗುತ್ತಾ ಅಂತ ನೋಡಿದ್ಯಾ?” ಎಂದೆ. ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ.

ಹಡಗು ಹೊರಟಿತು. ಹೋಗುವ ಮುಂಚೆ ಆಕೆ ನನ್ನ ಹೆಸರನ್ನು ಸಿಳ್ಳೆ ಮೇಷ್ಟ್ರ ಬೆಳಗಿನ ತಂಡಕ್ಕೆ ಬರೆಸಿಯೇ ಹೋಗಿದ್ದಳು. ತಂಡದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಅರವತ್ತು ದಾಟಿದ ಹೆಂಗಸರು. ನನ್ನ ಮೇಲೆ ಕಣ್ಣಿಡಲು ಬಂದ ಅಮ್ಮ, “ಸುಮ್ನೆ ಕೂತು ಕೂತು ಬೇಜಾರು” ಎಂದು ಎರಡನೆಯ ದಿನವೇ ತಾನೂ ನೀರಿಗಿಳಿದಳು.

ವಾರಕ್ಕೊಮ್ಮೆ ಹಡಗಿನಿಂದ ಮೂರು ನಿಮಿಷ ಫೋನು. ಎರಡನೆಯ ವಾರ ಫೋನು ಎತ್ತಿದವಳು ಅಮ್ಮ.

“ತೇಲಿದೆ ಕಣೇ! ಹಗ್ಗ ಹಿಡೀದೆ ತೇಲಿದೆ! ಹೂಂ, ಮುಖನೂ ಹಾಕಿದೆ... ನಿನ್ನ ಕೆಸರು ಸಿಕ್ತಾ? ಏಳು ಮೀಟರ್ ಕೊಳವೆ ತುಂಬಾನಾ! ಭೇಷ್!... ಇವನಾ? ಇವನು ಇನ್ನೂ ಮೆಟ್ಟಿಲ ಮೇಲೇ ಕೂತಿದ್ದಾನೆ. ಈ ವಾರ ಮೊಣಕಾಲುವರೆಗೆ ಬಂದಿದ್ದಾನೆ.”

ಕಡಲಿನ ಆಚೆಯಿಂದ ಹೆಂಡತಿಯ ನಗು ನನಗೂ ಕೇಳಿಸಿತು. ಕೈ ಚಾಚಿ, “ಕೊಡಮ್ಮ, ನಾನೂ ಒಂದು ಮಾತು ಆಡ್ತೀನಿ,” ಎಂದೆ. ಅಷ್ಟರಲ್ಲಿ ಮೂರು ನಿಮಿಷ ಮುಗಿದು ಫೋನು ಕಟ್ಟಾಯಿತು.

“ಏನಂದ್ಲು?” ಎಂದು ಕೇಳಿದೆ.

“ನಾಳೆಯಿಂದ ನಿನ್ನ ಕೈ ಹಿಡ್ಕೊಂಡು ನಾನೇ ಇಳಿಸಬೇಕಂತೆ,” ಎಂದಳು ಅಮ್ಮ. “ಕಿವಿನೋವು ಅಂದ್ರೆ ಎಳ್ಕೊಂಡು ಹೋಗಬೇಕಂತೆ.”