ಅಮಲ್ದಾರರ ಜಲಪಾತ

ನಮ್ಮ ಒಣ ಸೀಮೆಯಲ್ಲಿ ಜಲಪಾತದ ಫೋಟೋ ತೆಗೆಯಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ನನಗಂತೂ ಒಂದೇ ಮಳೆಗಾಲದಲ್ಲಿ ಮೂರು ಸಲ ಆಯಿತು. ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಪಕ್ಕದ ತಾಲ್ಲೂಕಿನ ತಹಸೀಲ್ದಾರರು, ಆಗ ಅಮಲ್ದಾರರು ಅನ್ನುತ್ತಿದ್ದೆವು, ತಮ್ಮಲ್ಲೂ ಜಲಪಾತವಿದೆ ಎಂದು ಜಿಲ್ಲೆಯ ಸಾಹೇಬರೆದುರು ಜಂಬ ಕೊಚ್ಚಿ ಬಂದು, ಅದರ ಫೋಟೋ ತೆಗೆಯಲು ನನಗೆ ಹೇಳಿದ್ದರು. ಫೋಟೋ ಚೆನ್ನಾಗಿ ಬಂದರೆ ಕಚೇರಿಯ ಕೆಲಸವೆಲ್ಲ ನನಗೆ, ಕೆಟ್ಟರೆ ಕೋಲಾರದ ಸ್ಟುಡಿಯೋದವರಿಗೆ. ಹೊಸದಾಗಿ ಮದುವೆಯಾಗಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು.

೧. ಅಜ್ಜಿಯ ಪ್ರಶ್ನೆ

ಆ ಜಲಪಾತಕ್ಕೆ ಮಳೆ ಬಂದಾಗ ಬೆಳಕಿಲ್ಲ, ಬಿಸಿಲು ಬಂದಾಗ ನೀರಿಲ್ಲ. ಮೋಡವಿದ್ದರೆ ಕ್ಯಾಮರಾದ ಮುಚ್ಚಳ ತೆಗೆದು ಹತ್ತಿಪ್ಪತ್ತು ಎಣಿಸಿ ಮುಚ್ಚಬೇಕು. ಅಷ್ಟು ಹೊತ್ತು ಎದುರಿದ್ದವರು ಅಲುಗಾಡಿದರೆ ಕೆಟ್ಟಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಗೆ ಇದನ್ನೆಲ್ಲ ವಿವರಿಸಿ ಕೈಮುಗಿದೆ. ಆಕೆ ಪಾಪ, ಹಿಂಡುತ್ತಿದ್ದ ಸೀರೆಯನ್ನು ಕೈಯಲ್ಲೇ ಹಿಡಿದು ಕೂತರು. ಆಮೇಲೆ ಧುಮುಕುವ ನೀರನ್ನೊಮ್ಮೆ ನೋಡಿ ಕೇಳಿದರು:

"ನಾನೇನೋ ಅಲುಗಾಡಲ್ಲ ಕಣಪ್ಪ. ಅದಕ್ಕೆ ಹೇಳಿದೀಯಾ?"

೨. ರಾಗಿ ಅಳತೆ

ಎರಡನೆಯ ಸಲ ತುಂತುರು ಮಳೆ. ನಾನು ಕ್ಯಾಮರಾಕ್ಕೆ ಕೊಡೆ ಹಿಡಿದೆ. ಜೊತೆಗೆ ಬಂದಿದ್ದ ಜಂಗಮಕೋಟೆಯ ರೈತರೊಬ್ಬರ ಕೈಗೆ ಮುಚ್ಚಳ ಕೊಟ್ಟು, ಹತ್ತು ಎಣಿಸಿ ಮುಚ್ಚಿಬಿಡಿ ಎಂದೆ. ಅವರು ಜೀವಮಾನವೆಲ್ಲ ಕಣದಲ್ಲಿ ರಾಗಿ ಅಳೆದವರು. ಕಣದಲ್ಲಿ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಸೇರು ತುಂಬುವ ತನಕ ಅದನ್ನೇ ರಾಗವಾಗಿ ಹಾಡುತ್ತಾರೆ. "ಲಾಭ, ಲಾಭ, ಲಾಭವೋ ಲಾಭ" ಎಂದು ಶುರುವಾಯಿತು. ಎರಡಕ್ಕೆ ಬರುವಷ್ಟರಲ್ಲಿ ಮಳೆ ನಿಂತಿತು, ಐದಕ್ಕೆ ಬಿಸಿಲೇ ಬಂತು. ನಾನು ಬಾಯಿ ತೆರೆದರೆ, ಅಳೆಯುವಾಗ ಮಾತಾಡಬಾರದು ಎಂದು ಕೈಸನ್ನೆ ಮಾಡಿದರು. ಕಡೆಗೆ ಬೆಳಕು ಮಿತಿಮೀರಿ ಚಿತ್ರದಲ್ಲಿ ಬೆಟ್ಟವೂ ಇಲ್ಲ, ನೀರೂ ಇಲ್ಲ, ಬರೀ ಬಿಳುಪು. ನನಗೆ ಅಳುವೇ ಬಂತು. ಅವರು ಸಮಾಧಾನ ಹೇಳಿದರು:

"ಕಮ್ಮಿಯಂತೂ ಬಿದ್ದಿರಲ್ಲ ಬಿಡಿ ಸ್ವಾಮಿ, ನನ್ನ ಅಳತೇಲಿ ಯಾವತ್ತೂ ಕಮ್ಮಿ ಬಿದ್ದಿಲ್ಲ."

೩. ಸಾಹೇಬರು ಬಂದರು

ಮೂರನೆಯ ಸಲ ಅಮಲ್ದಾರರೇ ಜರಿಪೇಟ ಸುತ್ತಿಕೊಂಡು ಬಂದು ಜಲಪಾತದ ಪಕ್ಕ ನಿಂತರು. ಬದಿಯಲ್ಲಿ ಅವರ ದಫೇದಾರ. ಇಪ್ಪತ್ತು ಎಣಿಸುವ ತನಕ ಅಲುಗಾಡಬಾರದು ಎಂದರೆ, ನನಗೇ ಹೇಳ್ತೀಯೇನಯ್ಯ ಎಂದು ಗದರಿದರು. ಆದರೆ ಅಮಲ್ದಾರರು ಬಂದ ಸುದ್ದಿ ಊರಿಗೆಲ್ಲ ಹರಡಿತ್ತು. ನಾನು ಮುಚ್ಚಳ ತೆಗೆದದ್ದೇ ತಡ, ಒಬ್ಬರ ಹಿಂದೊಬ್ಬರು ಬಂದು ನಮಸ್ಕಾರ ಹಾಕಿದರು. ಅಮಲ್ದಾರರು ಅತ್ತ ತಿರುಗಿ ಕೈಮುಗಿದರು, ಇತ್ತ ತಿರುಗಿ ಕೈಮುಗಿದರು. ಇಪ್ಪತ್ತು ವರ್ಷ ಅಧಿಕಾರಿಗಳ ಬಾಗಿಲಲ್ಲಿ ನಿಂತು ಪಳಗಿದ್ದ ದಫೇದಾರ ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಚಿತ್ರ ತೊಳೆದು ನೋಡಿದೆ. ನೀರು ಹಾಲಿನಂತೆ ಬಂದಿತ್ತು. ದಫೇದಾರನ ಮೀಸೆಯ ಕೂದಲನ್ನೂ ಎಣಿಸಬಹುದಿತ್ತು. ಪಕ್ಕದಲ್ಲಿ ಅಮಲ್ದಾರರಿರಬೇಕಾದ ಜಾಗದಲ್ಲಿ ಒಂದಿಷ್ಟು ಹೊಗೆ. ಮಾರನೆಯ ದಿನವೇ ಜಿಲ್ಲೆಯ ಸಾಹೇಬರು ಬರುವವರಿದ್ದುದರಿಂದ ಅಮಲ್ದಾರರು ಅದನ್ನೇ ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದರು. ಸಾಹೇಬರು ಬಹಳ ಹೊತ್ತು ನೋಡಿ, ಜಲಪಾತ ಇರುವುದು ನಿಜ, ದಫೇದಾರನೂ ಹಾಜರಿದ್ದಾನೆ, ತಾವು ಎಲ್ಲಿ ಹೋಗಿದ್ದಿರಿ ಎಂದು ಅಮಲ್ದಾರರನ್ನು ಕೇಳಿದರಂತೆ.

ಕಚೇರಿಯ ಕೆಲಸ ಕೋಲಾರಕ್ಕೆ ಹೋಯಿತು. ವಾರ ಬಿಟ್ಟು ಸ್ಟುಡಿಯೋಗೆ ದಫೇದಾರ ಬಂದ. ನನ್ನನ್ನು ಎಳೆದೊಯ್ಯಲು ಕಳಿಸಿದ್ದಾರೆಂದೇ ಹೆದರಿದೆ. ಅವನು ಬಂದದ್ದು ತನಗೊಂದು ಪ್ರತಿ ಬೇಕೆಂದು. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ:

"ಆ ಹೊಗೆ ಮಾತ್ರ ಅಳಿಸಿಬಿಡಿ ಸ್ವಾಮಿ. ನೋಡಿದೋರು, ಡ್ಯೂಟಿಲಿ ಬೀಡಿ ಸೇದ್ತಿದ್ದೆ ಅಂದ್ಕೋತಾರೆ."